ಬಂದರಿಗೆ ರಜೆ ಇದ್ದ ದಿನ

೧೯೮೪, ಏಪ್ರಿಲ್ ೨೬, ಗುರುವಾರ

ನಿಂಬೆ ಹೂವಿನ ಪಾಕ ಎರಡನೇ ಸಲ ಕುದಿಯಲು ಇಟ್ಟೆ. ಎಸಳು ಇನ್ನೂ ಗಟ್ಟಿ. ಅತ್ತೆ ಎಂದಿನಂತೆ ಕಿಟಕಿಯ ಪಕ್ಕ ಕುಳಿತು ಬಂದರನ್ನು ನೋಡುತ್ತಿದ್ದರು, ಇವತ್ತು ಯಾವ ಹಡಗೂ ಬರುವುದಿಲ್ಲವೆಂದು ಗೊತ್ತಿದ್ದೂ. ಖಿಯೋಸ್ ದ್ವೀಪದ ನಮ್ಮ ಕಾರ್ದಾಮಿಲಾದಲ್ಲಿ ಹೆಂಗಸರ ಕುರ್ಚಿಗಳೆಲ್ಲ ಸಮುದ್ರದ ಕಡೆಗೇ ತಿರುಗಿರುತ್ತವೆ.

ಹನ್ನೊಂದರ ಹೊತ್ತಿಗೆ ಕಾಫಿ ಅಂಗಡಿಯ ಲಿಯೊನಿಸ್ ಏದುಸಿರು ಬಿಡುತ್ತ ಬಂದ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನ ಹಡಗು ಕಂಪನಿ ಆಫೀಸಿನಿಂದ ಫೋನ್ ಬಂದಿತ್ತಂತೆ. ನನ್ನ ಗಂಡ ಸಿದೆರಿಸ್‌ನ ಹಡಗು ಸೋಮವಾರ ರಾತ್ರಿ ಪಿರೇಯಸ್‌ಗೆ ಬರುತ್ತದೆ. ಮಂಗಳವಾರ ಮೇ ಒಂದು, ಕಾರ್ಮಿಕರ ದಿನ. ಬಂದರಿಗೆ ರಜೆ, ಸರಕು ಇಳಿಸುವವರಿಲ್ಲ. ಬುಧವಾರ ಇಳಿಸಿ ಹೊರಟುಬಿಡುತ್ತಾರೆ. ಸೆಕೆಂಡ್ ಎಂಜಿನಿಯರ್ ಆದ ಅವನಿಗೆ ಒಂದು ಹಗಲು ಬಿಡುವು. ಊರಿಗೆ ಬಂದು ಹೋಗಲು ಸಾಲದು. ಹೆಂಡತಿ ಬೇಕಾದರೆ ಅಥೆನ್ಸ್‌ಗೆ ಬರಬಹುದು.

“ಬೇಕಾದ್ರೆ ಅಂತೆ,” ಅಂದರು ಅತ್ತೆ. “ಅವಳಿಗೆ ಬೇಡ ಅಂದ್ರೆ ಅವನಮ್ಮ ಬರ್ತಾಳೆ ಅಂತ ಹೇಳು.”

ಪಾಕ ತಳ ಹಿಡಿಯಿತು. ಹಿಡಿಯಲಿ.

ಏಪ್ರಿಲ್ ೨೯, ಭಾನುವಾರ

ನೀಲಿ ಫ್ರಾಕು ಸೊಂಟಕ್ಕೆ ಬಿಗಿ. ಬಿಚ್ಚಿ ಹೊಲಿದೆ. ಕನ್ನಡಿ ಮುಂದೆ ನಿಂತರೆ ಯಾರದೋ ಮದುವೆಗೆ ಹೊರಟ ಹಾಗಿದೆ.

ಸಂಜೆ ಅತ್ತೆಯ ತಮ್ಮ ಅಂದೊನಿಸ್ ಮಾವ ಬಂದಿದ್ದರು. ಬಂದರಿನ ಮೂಲೆಯಲ್ಲಿ ಮೀನು ದೋಣಿಗಳ ಎಂಜಿನ್ ರಿಪೇರಿ ಮಾಡುವ ಶೆಡ್ಡು ಅವರದು. ಕಣ್ಣಿಗೆ ಪೊರೆ ಬಂದಿದೆ. ಸ್ಕ್ರೂ ಕಾಣುವುದಿಲ್ಲ. ಮೇಜಿನ ಮೇಲೆ ಕೈಯೂರಿ ಹೇಳಿದರು, “ಸಿದೆರಿಸ್‌ಗೆ ಹೇಳು. ಹಡಗು ಬಿಟ್ಟು ಬಂದ್ರೆ ಶೆಡ್ಡಿನ ಬೀಗದ ಕೈ ಅವನಿಗೆ. ನಾನು ಹೊರಗಡೆ ಕೂತು ಬಂದೋರ್ನ ಬೈಕೊಂಡಿರ್ತೀನಿ, ಅಷ್ಟೆ.”

ನಾನು ಹೇಳಲೇಬೇಕು. ಮದುವೆಯಾಗಿ ಆರು ವರ್ಷ. ಒಂದು ಚಳಿಗಾಲವನ್ನೂ ಒಟ್ಟಿಗೆ ಕಳೆದಿಲ್ಲ. ಅವನು ಬರುವುದು ಬೇಸಿಗೆಯಲ್ಲಿ, ನೆಂಟನ ಹಾಗೆ. ಒಲೆ ಉರಿಯುವಾಗ, ಹೊರಗೆ ಗಾಳಿ ಕೂಗುವಾಗ ಅವನು ಈ ಮನೆಯಲ್ಲಿ ಹೇಗಿರುತ್ತಾನೆಂದು ನನಗೆ ಗೊತ್ತೇ ಇಲ್ಲ.

ಏಪ್ರಿಲ್ ೩೦, ಸೋಮವಾರ ಸಂಜೆ, ಹಡಗಿನಲ್ಲಿ

ಇನ್ನೂ ಖಿಯೋಸ್ ಬಂದರು ದಾಟಿಲ್ಲ, ಆಗಲೇ ಹೊಟ್ಟೆ ತೊಳಸುತ್ತಿದೆ. ಎದುರಿನ ಬೆಂಚಿನ ಅಜ್ಜಿ ಕೇಳಿದರು, “ಗಂಡ ಏನ್ ಮಾಡ್ತಾನೆ ಮಗಳೇ?” ಹಡಗಿನಲ್ಲಿದ್ದಾನೆ ಅಂದೆ. ನಿಂಬೆಹಣ್ಣು ಮೂಸಲು ಕೊಟ್ಟು ಮನಸಾರೆ ನಕ್ಕರು. ಮತ್ತೆ ಬರೆಯಲು ಆಗ...

ಮೇ ೧, ಬೆಳಿಗ್ಗೆ ಹತ್ತೂವರೆ, ಅಥೆನ್ಸ್‌ನ ಸಿಂತಗ್ಮಾ ಚೌಕ

ಅವನು ಸಿಗರೇಟು ಹುಡುಕಿಕೊಂಡು ಹೋಗಿದ್ದಾನೆ. ಅಂಗಡಿಗಳು ಮುಚ್ಚಿವೆ. ಬರುವಷ್ಟರಲ್ಲಿ ಎರಡು ಸಾಲು.

ಪಿರೇಯಸ್‌ನಲ್ಲಿ ಇಳಿದಾಗ ನನ್ನ ಪಕ್ಕದಲ್ಲೇ ನಿಂತಿದ್ದ. ಗೊತ್ತಾಗಲಿಲ್ಲ. ಮೀಸೆ ತೆಗೆದಿದ್ದಾನೆ. ಅವನನ್ನು ದಾಟಿ ಮುಂದಕ್ಕೆ ಹೋಗಿದ್ದೆ.

“ಆರ್ಗಿರೋ,” ಅಂದ. “ಗಂಡನ್ನ ಬಿಟ್ಟು ಎಲ್ಲಿಗೆ?”

ತಬ್ಬಿಕೊಂಡಾಗ ಎಣ್ಣೆ, ಸಾಬೂನು, ಕಬ್ಬಿಣದ ವಾಸನೆ. ಕಣ್ಣು ಮುಚ್ಚಿದರೆ ಅವನೇ. ತೆರೆದರೆ ಬೇರೆ ಯಾರೋ.

ಹೋಗಲು ಮನೆಯಿಲ್ಲ. ಪಿರೇಯಸ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಎವಾನ್ಥಿಯಾಳದು ಒಂದೇ ಕೋಣೆ, ಅದರಲ್ಲಿ ಐದು ಜನ. ಲಾಡ್ಜಿಗೆ ಹೋಗೋಣವೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ... ಒಂದು ಹಗಲಿಗೆ ಹೆಂಡತಿಯನ್ನು ಲಾಡ್ಜಿಗೆ ಕರೆದೊಯ್ಯುವುದು ಹೇಗೋ ಏನೋ. ಹಾಗಾಗಿ ಊರು ನೋಡುತ್ತಿದ್ದೇವೆ. ಅಮೆರಿಕದವರ ಹಾಗೆ.

ಆಕ್ರೊಪೊಲಿಸ್‌ಗೆ ಹತ್ತಿದೆವು. ಗೇಟಿಗೆ ಬೀಗ. ಮುಂದೆ ಹೂ ಮಾರುವ ಹೆಂಗಸೊಬ್ಬಳು. “ಮೇ ಒಂದು ಅಲ್ವಾ ಅಣ್ಣ, ಕಲ್ಲಿಗೂ ರಜೆ. ಒಂದು ಹೂವಿನ ಹಾರ ತಗೊಳ್ಳಿ, ಬಾಗಿಲಿಗೆ ಹಾಕೋಕೆ.”

“ನಮಗೆ ಇವತ್ತು ಬಾಗಿಲೇ ಇಲ್ಲಮ್ಮ,” ಅಂದ. ಆದರೂ ತೆಗೆದುಕೊಂಡ.

ಕೆಳಗಿನ ಬಂಡೆಯ ಮೇಲೆ ಕುಳಿತು ಮೇಲೆ ನೋಡಿದೆವು. “ಎರಡೂವರೆ ಸಾವಿರ ವರ್ಷದಿಂದ ಇಲ್ಲೇ ಇದೆ. ನಾನು ಬಂದ ದಿನಾನೇ ಬೀಗ,” ಅಂದ ಅವನು.

“ಅದಕ್ಕೂ ರಜೆ ಬೇಡ್ವಾ?” ಅಂದೆ. “ಕಾಯ್ತಾ ನಿಂತಿರೋದೂ ಕೆಲಸಾನೇ.”

ನನ್ನ ಮುಖ ನೋಡಿದ. ಹೂವಿನ ಹಾರವನ್ನು ನನ್ನ ಮಡಿಲಲ್ಲಿಟ್ಟ. ಅಗೋ, ಬರುತ್ತಿದ್ದಾನೆ—

ಮೇ ೧, ಮಧ್ಯಾಹ್ನ, ದೊಡ್ಡ ಉದ್ಯಾನ

ಅಕ್ಷರ ವಕ್ರ. ಬಲಭುಜದ ಮೇಲೆ ಅವನ ತಲೆ.

ಸೈನಿಕರ ಪಹರೆ ಬದಲಾಗುವುದನ್ನು ನೋಡಿದೆವು. ಬೂಟಿನ ತುದಿಯಲ್ಲಿ ಉಣ್ಣೆಯ ಚೆಂಡು. ಒಂದೊಂದು ಹೆಜ್ಜೆಯೂ ಕನಸಿನಲ್ಲಿ ನಡೆದಂತೆ. ರಸ್ತೆ ಬದಿಯಲ್ಲಿ ಎಳ್ಳು ಹಚ್ಚಿದ ಕುಲೂರಿ ರೊಟ್ಟಿ ಕೊಂಡು, ಒಂದನ್ನೇ ಮುರಿದು ತಿಂದೆವು. ಕಾಫಿ ಕುಡಿಯಲು ಕುಳಿತಾಗ ಅವನ ಕಪ್ಪಿಗೆ ಮಾಣಿಯ ಹತ್ತಿರ ನಾನೇ ಹೇಳಿದೆ, “ಸಿಹಿ ಜಾಸ್ತಿ ಇರ್ಲಿ.” ಅವನು ಮಾಣಿಯನ್ನು ತಡೆದು ಮೆಲ್ಲಗೆ ಹೇಳಿದ, “ಸಕ್ಕರೆ ಬೇಡ.”

ನನ್ನ ಗಂಡ ಸಕ್ಕರೆ ಬಿಟ್ಟದ್ದು ನನಗೆ ಗೊತ್ತಿರಲಿಲ್ಲ. ಯಾವಾಗ ಬಿಟ್ಟ, ಯಾವ ಊರಿನಲ್ಲಿ?

ಉದ್ಯಾನದ ಬೆಂಚಿನಲ್ಲಿ ಪಾಕದ ಬಾಟಲಿ ತೆಗೆದೆ. ಚಮಚ ಮರೆತಿದ್ದೆ. ಬೆರಳು ಅದ್ದಿ ನೆಕ್ಕಿದ. “ತಳ ಹಿಡಿಸಿದೀಯ.”

“ನೀನು ಬರ್ತೀಯ ಅಂತ ಫೋನ್ ಬಂದಾಗ.”

“ಹಾಗಾದ್ರೆ ಚೆನ್ನಾಗಿದೆ.” ಮತ್ತೆ ಅದ್ದಿದ. ಸಕ್ಕರೆ ಬಿಟ್ಟವನು ಅರ್ಧ ಬಾಟಲಿ ಖಾಲಿ ಮಾಡಿದ. ಆಮೇಲೆ ಮಾತಿನ ನಡುವೆಯೇ ನಿದ್ದೆ ಹೋದ. ರಾತ್ರಿಯೆಲ್ಲ ಪಂಪು ಬಿಚ್ಚುತ್ತಿದ್ದನಂತೆ, ಈ ಹಗಲು ಬಿಡುವು ಸಿಗಲಿ ಎಂದು.

ನೋಡಬೇಕಾದದ್ದು ಇನ್ನೂ ಎಷ್ಟೋ ಇದೆ. ನೋಡುವುದು ಬೇಡ. ಭುಜ ಜೋಮು ಹಿಡಿದಿದೆ. ಉಸಿರು ಕುತ್ತಿಗೆಗೆ ತಾಗುತ್ತಿದೆ. ಬಾತುಕೋಳಿಗೆ ಬ್ರೆಡ್ಡು ಹಾಕುವವರು ನಮ್ಮನ್ನು ನೋಡಿ ದನಿ ತಗ್ಗಿಸುತ್ತಾರೆ. ಅಲುಗಾಡದೆ ಕುಳಿತಿದ್ದೇನೆ. ಇಷ್ಟೇ ಸಾಕು. ಶೆಡ್ಡಿನ ಮಾತು ಆಮೇಲೆ.

ಮೇ ೨, ಬುಧವಾರ, ಊರಿಗೆ ಹೊರಡುವ ಹಡಗಿಗೆ ಕಾಯುತ್ತ

ನಿನ್ನೆಯದನ್ನು ಬರೆದುಬಿಡಬೇಕು.

ಹಳೇ ಪೇಟೆ ಪ್ಲಾಕಾದ ಓಣಿಯಲ್ಲಿ ಒಂದೇ ಒಂದು ಹೋಟೆಲು ತೆರೆದಿತ್ತು. ದ್ರಾಕ್ಷಿ ಚಪ್ಪರದ ಕೆಳಗೆ ಕಾಗದ ಹಾಸಿದ ಮೇಜು. ಕೆಂಡದ ಮೇಲೆ ಸುಟ್ಟ ಕುರಿಯ ಪಕ್ಕೆಲುಬು, ನಿಂಬೆ ಹಿಂಡಿದ ಬೇಯಿಸಿದ ಸೊಪ್ಪು, ಪೀಪಾಯಿಯ ರೆಟ್ಸಿನಾ ವೈನು. ಮಾಣಿಗೆ ವಯಸ್ಸಾಗಿತ್ತು, ಹೊಟ್ಟೆ ಮುಂದೆ, ಅವನು ಹಿಂದೆ. ಬ್ರೆಡ್ಡು ಇಡುತ್ತ ನನ್ನ ಕಡೆ ಬಗ್ಗಿದ. “ಹೆದರ್ಕೋಬೇಡ ತಂಗಿ. ಒಳಗಡೆ ಮೇಜು ಬೇಕಾದ್ರೂ ಇದೆ. ಯಾರೂ ನೋಡಲ್ಲ.”

“ನಾವು ಗಂಡ ಹೆಂಡ್ತಿ,” ಅಂದ ಸಿದೆರಿಸ್.

“ಎಲ್ರೂ ಹಾಗೇ ಹೇಳೋದು ಅಣ್ಣ. ಗಂಡ ಹೆಂಡ್ತಿ ಆದೋರು ತಟ್ಟೆ ನೋಡ್ಕೊಂಡು ಊಟ ಮಾಡ್ತಾರೆ. ನೀವು ತಟ್ಟೆ ಮುಟ್ಟೇ ಇಲ್ಲ.”

ಬಹಳ ನಕ್ಕೆವು. ಆ ನಗುವಿನಲ್ಲೇ ಧೈರ್ಯ ಬಂತು. ಶೆಡ್ಡಿನ ವಿಷಯ ಹೇಳಿದೆ. ಅಂದೊನಿಸ್ ಮಾವನ ಕಣ್ಣು, ಬೀಗದ ಕೈ, ಚಳಿಗಾಲ—ಎಲ್ಲ ಒಂದೇ ಉಸಿರಿಗೆ.

ಎಲುಬನ್ನು ತಟ್ಟೆಯಲ್ಲಿಟ್ಟ. “ಮನೆಗೆ ಬಂದು ಮೂರನೇ ವಾರಕ್ಕೆ ನಾನು ಏನಾಗ್ತೀನಿ ಅಂತ ನೀನೇ ನೋಡಿದೀಯ. ಎಂಜಿನ್ ಸದ್ದಿಲ್ಲದೆ ನಿದ್ದೆ ಬರಲ್ಲ. ಹೋದ ಸಲ ಅಮ್ಮನ ಹೊಲಿಗೆ ಮಿಷನ್ ಬಿಚ್ಚಿಟ್ಟಿದ್ದೆ.”

“ಅದಿನ್ನೂ ಸರಿಯಾಗಿಲ್ಲ.”

“ನೋಡಿದ್ಯಾ.”

“ಉದ್ಯಾನದಲ್ಲಿ ಬಂತಲ್ಲ ನಿದ್ದೆ.”

ಗ್ಲಾಸಿಗೆ ಸುರಿದುಕೊಂಡ, ಕುಡಿಯಲಿಲ್ಲ. ಆಮೇಲೆ ಹೇಳಿದ, “ನೀನು ಬಾ ಆರ್ಗಿರೋ. ನಾನೂ ಇದನ್ನೇ ಕೇಳಬೇಕು ಅಂತಿದ್ದೆ, ಬೆಳಿಗ್ಗೆಯಿಂದ ಬಾಯಿ ಬರ್ಲಿಲ್ಲ. ಆಫೀಸರ ಹೆಂಡ್ತೀರು ಹಡಗಲ್ಲಿ ಬರಬಹುದು. ಕ್ಯಾಪ್ಟನ್ ಒಪ್ಪಿದಾನೆ. ಜುಲೈನಲ್ಲಿ ಇಟಲಿಗೆ, ಜಿನೋವಾಗೆ ಬರ್ತೀವಿ. ಅಲ್ಲಿ ಹತ್ತು. ಚಳಿಗಾಲ ತಾನೇ ನಿನಗೆ ಬೇಕಾಗಿರೋದು? ಚಳಿಗಾಲ ಪೂರ್ತಿ ಇರೋಣ. ಸಣ್ಣ ಕೋಣೆ, ಆದ್ರೆ ಕಿಟಕಿ ಇದೆ.”

“ನಾನಾ? ನಿನ್ನೆ ರಾತ್ರಿ ಹಡಗಲ್ಲೇ ಕರುಳು ಬಾಯಿಗೆ ಬಂತು.”

“ಮೊದಲ ವಾರ ಎಲ್ರಿಗೂ ಬರುತ್ತೆ.”

“ಅತ್ತೇನ ಯಾರು ನೋಡ್ಕೋತಾರೆ?”

“ಅಮ್ಮನಿಗೆ ಅರವತ್ತೈದು. ಮೊನ್ನೆ ತಾನೇ ಮಾಡು ಹತ್ತಿ ಹೆಂಚು ಕೂರ್ಸಿದ್ದು ಅಂತ ನೀನೇ ಬರೆದಿದ್ದೆ.”

ಬೇರೆ ನೆಪ ಹುಡುಕಿದೆ. ಮನೆ. ಪಕ್ಕದವರ ಮಾತು. ಫ್ರಾಕುಗಳಿಲ್ಲ. ನಾನು ಅವನನ್ನು ಕರೆದುಕೊಂಡು ಹೋಗಲು ಬಂದವಳು. ಅವನೇ ನನ್ನನ್ನು ಕರೆದದ್ದು ಸೋತ ಹಾಗೆ ಅನ್ನಿಸಿತು. ಏಕೋ ಗೊತ್ತಿಲ್ಲ.

ಅವನ ಮುಖ ಗಟ್ಟಿಯಾಯಿತು. “ನಿನಗೆ ಬೇಕಾಗಿರೋದು ಗಂಡ ಅಲ್ಲ. ಗಂಡನ ಕಾಗದ.”

“ನಿನಗೆ ಬೇಕಾಗಿರೋದು ಹೆಂಡ್ತಿ ಅಲ್ಲ,” ಅಂದೆ. “ದಡದಲ್ಲಿ ಒಂದು ದೀಪ.”

ಮಾಣಿ ತಟ್ಟೆ ತೆಗೆಯಲು ಬಂದು ಇಬ್ಬರನ್ನೂ ನೋಡಿದ. “ಈಗ ನಂಬಿದೆ,” ಅಂದ. “ಗಂಡ ಹೆಂಡ್ತೀನೇ.” ಈ ಸಲ ಯಾರೂ ನಗಲಿಲ್ಲ. ಪಾಪ, ಬೇಡವೆಂದರೂ ಜೇನಿನಲ್ಲಿ ಅದ್ದಿದ ಕರಿದ ಉಂಡೆಗಳು, ಲುಕುಮಾದೆಸ್, ತಂದಿಟ್ಟ. ತಣ್ಣಗಾದವು.

ಎಂಟಕ್ಕೆ ಅವನು ಹಡಗಿನಲ್ಲಿರಬೇಕಿತ್ತು. ರೈಲಿನ ತುಂಬ ಮೇ ಒಂದರ ಹಾರಕ್ಕೆಂದು ಕಾಡಿನಿಂದ ಹೂ ಕಿತ್ತು ವಾಪಸಾಗುವ ಸಂಸಾರಗಳು. ನಾವಿಬ್ಬರೂ ನಿಂತಿದ್ದೆವು. ತಿರುವಿನಲ್ಲಿ ನನ್ನ ಮೊಣಕೈ ಹಿಡಿದ, ಹಡಗಿನ ಕಂಬಿ ಹಿಡಿಯುವ ಹಾಗೆ. ಬಿಡಿಸಿಕೊಂಡೆ. ಅಷ್ಟು ಮಾಡಬಾರದಿತ್ತು.

ಬಂದರಿನ ಗೇಟಿನಲ್ಲಿ ಏನೋ ಹೇಳಲು ಬಾಯಿ ತೆರೆದ. “ಹುಷಾರಾಗಿ ಹೋಗು” ಎಂದಷ್ಟೇ ಬಂತು. ನಾನು ತಲೆಯಾಡಿಸಿದೆ. ನಡೆದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ನಿಂತಿದ್ದನೋ ಇಲ್ಲವೋ, ಈಗ ಯಾರನ್ನು ಕೇಳಲಿ?

ಇವತ್ತು ಮಧ್ಯಾಹ್ನ ಎವಾನ್ಥಿಯಾಳ ಮನೆಯಿಂದ ಓಡಿ ಬಂದೆ. ಧಕ್ಕೆ ಖಾಲಿ. ನೀರಿನ ಮೇಲೆ ಎಣ್ಣೆ.

ಮೇ ೧೩, ಭಾನುವಾರ

ಏನೂ ಇಲ್ಲ.

ಜೂನ್ ೩, ಭಾನುವಾರ

ಕಾಗದ ಬಂದಿಲ್ಲ. ನಾನೂ ಬರೆದಿಲ್ಲ. ನಾಲ್ಕು ಸಲ ಶುರು ಮಾಡಿದ್ದೆ. ‘ಪ್ರೀತಿಯ ಸಿದೆರಿಸ್, ಇಲ್ಲಿ ಎಲ್ಲರೂ ಕ್ಷೇಮ’—ಅಲ್ಲಿಗೆ ನಿಲ್ಲುತ್ತದೆ. ಕೆಲಸ ಮಾಡುತ್ತ ಬಲಭುಜ ಮುಟ್ಟಿಕೊಳ್ಳುತ್ತೇನಂತೆ. ಅತ್ತೆ ಹೇಳಿದ್ದು. “ನೋವಾ?” ಎಂದು ಕೇಳಿದರು.

ಅಳು ಬಂತು. ಎಲ್ಲ ಹೇಳಿದೆ. ಶೆಡ್ಡು, ಜಿನೋವಾ, ನಾನು ಹೇಳಿದ ನೆಪಗಳು.

ಬೀನ್ಸ್ ಮುರಿಯುತ್ತ ಕೇಳಿಸಿಕೊಂಡರು. “ನನ್ನ ಹೆಸರೂ ಹೇಳಿದ್ಯಾ?”

“ಹೇಳಿದೆ.”

“ನಿಮ್ಮ ಮಾವ, ಸಿದೆರಿಸ್‌ನ ಅಪ್ಪ, ನನ್ನ ಒಂದ್ಸಲ ಕರೆದಿದ್ರು. ಅಲೆಕ್ಸಾಂಡ್ರಿಯಾಗೆ. ಯುದ್ಧ ಮುಗಿದಿತ್ತು. ಅಲ್ಲಿ ಬೀದಿ ತುಂಬ ದೀಪ ಅಂತೆ. ಸಮುದ್ರದ ಪಕ್ಕದಲ್ಲೇ ಗಾಡಿ ಹತ್ತಿಸ್ಕೊಂಡು ಹೋಗ್ತೀನಿ ಅಂದ್ರು.”

“ಹೋಗಲಿಲ್ವಾ?”

“ಮೇಕೆ ಈಯೋದಿತ್ತು.”

ಒಂದು ಬೀನ್ಸ್ ಮುರಿದರು. ಇನ್ನೊಂದು. “ಎರಡು ಮರಿ ಹಾಕ್ತು. ಒಂದು ಸತ್ತೋಯ್ತು. ಅವ್ರು ಮತ್ತೆ ಕರೀಲಿಲ್ಲ, ನಾನೂ ಕೇಳ್ಲಿಲ್ಲ. ಈ ಕಿಟಕೀಲಿ ಕೂತಾಗ ನಾನು ಹಡಗು ನೋಡ್ತೀನಿ ಅಂದ್ಕೊಂಡಿದೀಯಾ? ಆ ಬೀದಿ ನೋಡ್ತಿರ್ತೀನಿ. ನೋಡದೇ ಇರೋ ಬೀದಿ.” ಪಾತ್ರೆಯನ್ನು ನನ್ನ ಕಡೆ ತಳ್ಳಿದರು. “ನನ್ನ ಮೇಲೆ ಹಾಕಬೇಡ ಕಣೇ. ನೆಪ ಬೇಕಾದ್ರೆ ಮೇಕೆ ಮೇಲೆ ಹಾಕು. ಈಗ ಮೇಕೇನೂ ಇಲ್ಲ.”

ಜೂನ್ ೨೧, ಗುರುವಾರ

ಪಾಸ್‌ಪೋರ್ಟಿಗೆ ಫೋಟೊ ತೆಗೆಸಿದೆ. ಕಳ್ಳಿಯ ಹಾಗಿದ್ದೇನೆ. ಅಂದೊನಿಸ್ ಮಾವ ರಾತ್ರಿ ಇಲ್ಲೇ ಬಂದು ಮಲಗುತ್ತಾರಂತೆ. ಅಕ್ಕ ತಮ್ಮ ಈಗಲೇ ರೇಡಿಯೊ ಯಾರ ಕೋಣೆಯಲ್ಲಿರಬೇಕೆಂದು ಜಗಳವಾಡುತ್ತಿದ್ದಾರೆ.

ಕಂಪನಿ ಆಫೀಸಿನ ಮೂಲಕ ಹಡಗಿಗೆ ತಂತಿ ಕಳಿಸಿದೆ: ‘ಜಿನೋವಾಗೆ ಬರುತ್ತೇನೆ. ಈಗಲೂ ಬೇಕಾದರೆ ತಿಳಿಸು.’

ಜೂನ್ ೨೯

ಉತ್ತರ ಬಂತು. ಕ್ಯಾಪ್ಟನ್‌ನದು. ‘ಅನುಮತಿ ಇದೆ.’ ಅವನದಲ್ಲ. ಅವನ ಒಂದು ಪದವೂ ಇಲ್ಲ.

ಅತ್ತೆ ಹೇಳಿದರು, “ಅವರಪ್ಪನ ಹಾಗೇ. ಬಾಯಿಂದ ಒಂದು ಮಾತು ಹೊರಡ್ಬೇಕಾದ್ರೆ ಹಡಗು ಹೊರಟ ಹಾಗೆ. ನೀನು ಹೋಗು.”

ಜುಲೈ ೧೪, ಶನಿವಾರ, ಜಿನೋವಾ

ಪಾತ್ರಾ ಬಂದರಿನಿಂದ ಇಟಲಿಗೆ ಹಡಗು, ಆಮೇಲೆ ರೈಲು, ಮತ್ತೊಂದು ರೈಲು. ಹಡಗಿನಲ್ಲಿ ಮೂರು ಸಲ ವಾಂತಿ. ಪರವಾಗಿಲ್ಲ, ಲೆಕ್ಕಕ್ಕೆ ಮೊದಲ ವಾರ.

ಧಕ್ಕೆಯಲ್ಲಿ ಪೆಟ್ಟಿಗೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅವನ ಹಡಗನ್ನು ದಡಕ್ಕೆ ಕಟ್ಟಿ ಒಂದು ಗಂಟೆಯಾಯಿತು. ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಬದಿಯೆಲ್ಲ ತುಕ್ಕು. ಮೇಲೆ ಯಾರದೋ ಬಟ್ಟೆ ಒಣಗುತ್ತಿದೆ.

ಬೇಡವೆಂದರೆ? ರೈಲಿನಲ್ಲಿ ಇದನ್ನೇ ಯೋಚಿಸಿದೆ. ಬೇಡವೆಂದರೆ ಬಂದ ದಾರಿ ಇದೆ. ಕೇಳಲೇ ಇಲ್ಲ ಎಂಬ ಕೊರಗಾದರೂ ಇರಬಾರದು.

ಏಣಿ ಇಳಿಸಿದರು. ಇಬ್ಬರು ಇಳಿದರು, ನನ್ನನ್ನು ನೋಡಿ ತಮ್ಮಲ್ಲೇ ಏನೋ ಹೇಳಿಕೊಂಡು ನಕ್ಕರು. ಒಬ್ಬ ಮತ್ತೆ ಮೇಲಕ್ಕೆ ಓಡಿದ. ಎಂಜಿನ್ ಕೋಣೆಯವರು ಕೊನೆಗೆ ಬರುತ್ತಾರಂತೆ.

ಈಗ ಮೇಲಿನ ಬಾಗಿಲಲ್ಲಿ ಯಾರೋ. ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದಾನೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಧಕ್ಕೆಯ ಆ ತುದಿಯಿಂದ ಹುಡುಕುತ್ತ ಬರುತ್ತಿದ್ದಾನೆ... ಕ್ರೇನು, ಲಾರಿಗಳು, ಈ ಕಡೆ. ಚಿಂದಿ ಕೈಯಿಂದ ಬಿತ್ತು. ಏನೋ ಕೂಗಿದ. ಕ್ರೇನಿನ ಸದ್ದಿನಲ್ಲಿ ಕೇಳಲಿಲ್ಲ. ಮತ್ತೆ ಕೂಗಿದ, ಈ ಸಲ ಎರಡೂ ಕೈ ಬಾಯಿಗೆ ಹಿಡಿದು, ನನ್ನ ಹೆಸರು—