ಕೆನೆಗೆಂಪು ಕುಡಿಯ ಹೀದರ್

ಇನ್ನೂ ಮುಖ ತೋರಿಸದ ನನ್ನ ಕಂದಾ,

ನೀನು ಇದನ್ನು ಓದುವ ಹೊತ್ತಿಗೆ ನಿನ್ನಜ್ಜಿ ಗ್ರಿಜೆಲ್, ಅಂದರೆ ನನ್ನತ್ತೆ, ಈ ಸಂಗತಿಯನ್ನು ತಮಗೆ ಬೇಕಾದ ಹಾಗೆ ತಿದ್ದಿ ಹೇಳಿರುತ್ತಾರೆ. ತಮ್ಮ ಪಾಲಿನದನ್ನು ಪೂರ್ತಿ ಬಿಟ್ಟೇ ಹೇಳಿರುತ್ತಾರೆ. ಅದಕ್ಕೇ ನಾನು ಮೊದಲೇ ಬರೆದಿಡುತ್ತಿದ್ದೇನೆ.

ಡೀ ನದಿಯ ದಂಡೆಯ ಮೇಲಿನ ಈ ತೋಟದಲ್ಲಿ ಹೀದರ್ ಎಂಬ ಕುರುಚಲು ಹೂಗಿಡ ಬಿಟ್ಟರೆ ಬೇರೆ ಗಿಡವಿಲ್ಲ. ಅದರ ಒಂದೊಂದು ಬಗೆಯ ತವರೂ ಅಜ್ಜಿಗೆ ಗೊತ್ತು. ಹಿಮ ಕರಗುವ ಮೊದಲೇ ಹೂ ಬಿಡುವುದು ಆಲ್ಪ್ಸ್ ಬೆಟ್ಟದ್ದು, ಜೇನುನೊಣ ಮುತ್ತುವುದು ಕಾರ್ನ್‌ವಾಲಿನ ಕಡಲಂಚಿನದು, ದಪ್ಪ ಗಂಟೆಹೂವಿನದು ನನ್ನ ತವರಾದ ಐರ್ಲೆಂಡಿನ ಕಾನಮಾರಾದ ಜೌಗುನೆಲದ್ದು. ಮಿಕ್ಕವು ಹೆಚ್ಚಾಗಿ ಇಲ್ಲಿಯ ಗುಡ್ಡಗಳವೇ. ಕಣ್ಣು ಹಾಯುವ ತನಕ ನೇರಳೆ ಬಣ್ಣದ ಹೂ ಹಬ್ಬಿದ ಕಡೆ ಯಾವುದೋ ಒಂದು ಗಿಡ ಮಾತ್ರ ಬಿಳಿ ಹೂ ಬಿಟ್ಟಿರುತ್ತದೆ, ಇಲ್ಲವೇ ಅದರ ಎಲೆ ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ಕಂಡವರು ಕುಡಿ ಚಿವುಟಿ ತಂದು, ಬೇರು ಬರಿಸಿ, ತಮಗೆ ಬೇಕಾದವರ ಹೆಸರಿಡುತ್ತಾರೆ. ಅಜ್ಜಿಯ ತಾಯಿಗೆ ಅಂಥದೊಂದು ಸಿಕ್ಕಿತ್ತು, ಚಿಕ್ಕಮ್ಮನಿಗೂ ಸಿಕ್ಕಿತ್ತು. ಅಜ್ಜಿ ಮಾತ್ರ ಬದುಕಿಡೀ ಗುಡ್ಡ ಅಲೆದು ಬರಿಗೈಯಲ್ಲೇ ಇದ್ದರು.

ಕಳೆದ ವಸಂತದಲ್ಲಿ ಅವರಿಗೂ ಸಿಕ್ಕಿತು, ಕೆನೆಗೆಂಪು ಕುಡಿಯೊಡೆಯುವ ಒಂದೇ ಒಂದು ಗಿಡ. ತಂದ ಕುಡಿಗಳೆಲ್ಲ ಕೊಳೆತುಹೋದವು. ಮತ್ತೆ ಚಿಗುರುವ ತನಕ ವರ್ಷ ಕಾದರು. ಗಿಡ ಎಲ್ಲಿದೆಯೆಂದು ಹೆತ್ತ ಮಗನಿಗೂ ಬಾಯಿ ಬಿಡಲಿಲ್ಲ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಹಿಮಕ್ಕೆ ಅರ್ಧ ಸುಟ್ಟಿದ್ದ ಕಾನಮಾರಾ ಗಿಡದ ಮುಂದೆ ನಿಂತು ನಿನ್ನಪ್ಪ ಫಿನ್ಲೆಗೆ ಹೇಳಿದ್ದರು: "ಐರ್ಲೆಂಡಿಂದು ನೋಡೋಕೇನೋ ಚೆಂದ ಕಣೋ. ಇಲ್ಲಿ ಚಳಿ ತಡ್ಕೊಳ್ಳಲ್ಲ." ನನಗೆ ಕೇಳಲೆಂದೇ ಆಡಿದ ಮಾತು. ಆಮೇಲೆ ಒಂದೇ ಸೂರಿನ ಕೆಳಗೆ ನಾವಿಬ್ಬರೂ ಗಾಳಿ ಮಳೆಯ ವಿಷಯ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ.

ಈ ಏಪ್ರಿಲ್‌ನಲ್ಲಿ ಮಳೆಯೇ ಬೀಳಲಿಲ್ಲ. ನಿನ್ನಪ್ಪ ಎಡಿನ್‌ಬರೋದಲ್ಲಿದ್ದ ದಿನ ಅಜ್ಜಿ ನೋಯುವ ಮಂಡಿಗೆ ಪಟ್ಟಿ ಸುತ್ತಿಕೊಂಡು ಆ ಕುಡಿ ತರಲು ಒಬ್ಬರೇ ಹೊರಟರು. ನಾನೂ ಬರುತ್ತೇನೆಂದೆ. ತುಂಬಿದ ಬಸುರಿ, ಬೇಡವೆಂದು ಗದರಿದರು. ನಾನು ಹಟಕ್ಕೇ ಹೊರಟೆ.

ಬಂಡೆಯ ಮಗ್ಗುಲಲ್ಲಿ ಗಿಡ ಇತ್ತು. ಅಜ್ಜಿ ಮಂಡಿಯೂರಿ ಕುಡಿಗಳನ್ನು ಚಿವುಟಿ ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದಾಗ ನನಗೆ ಹೊಗೆಯ ವಾಸನೆ ಬಂತು. ಕೆಳಗಿನ ಕಣಿವೆಯಲ್ಲಿ ಯಾರೋ ಒಲೆ ಹೂಡಿ, ಕೆಂಡ ಆರಿಸದೆ ಹೋಗಿದ್ದರಂತೆ. ತಿರುಗಿ ನೋಡಿದರೆ ನಾವು ಹತ್ತಿ ಬಂದ ದಾರಿಯೇ ಕಾಣಲಿಲ್ಲ. ಗಾಳಿ ನಮ್ಮ ಕಡೆಗೇ ಇತ್ತು. ಒಣಗಿದ ಹೀದರ್ ಚಟಚಟನೆ ಸಿಡಿಯುತ್ತಿತ್ತು. ನಾನು ಮೇಲಕ್ಕೆ ಓಡಲು ಹೊರಟೆ. ಅಜ್ಜಿ ನನ್ನ ರಟ್ಟೆ ಹಿಡಿದು ಎಳೆದರು.

"ಮೇಲಕ್ಕೆ ಬೇಡ, ಬೆಂಕಿ ನಿನಗಿಂತ ಜೋರಾಗಿ ಹತ್ತುತ್ತೆ. ಆ ಕರೀ ನೆಲಕ್ಕೆ ನಡಿ."

ಗುಡ್ಡ ಕಾಯುವವರು ಹೊಸ ಚಿಗುರು ಬರಲೆಂದು ಹಳೆಯ ಹೀದರ್ ಸುಟ್ಟು ಕಪ್ಪಾಗಿಸಿದ್ದ ಜಾಗ ಪಕ್ಕದಲ್ಲೇ ಇತ್ತು, ಅಲ್ಲಿ ಉರಿಯಲು ಏನೂ ಉಳಿದಿರಲಿಲ್ಲ. ಆದರೆ ನಡುವೆ ಸೊಂಟದೆತ್ತರದ ಗಿಡ, ಅದರ ಮೇಲೆಲ್ಲ ಹೊಗೆ. ನಾಲ್ಕು ಹೆಜ್ಜೆಗೇ ನನ್ನ ಉಸಿರು ಕಟ್ಟಿತು, ಕೆಮ್ಮುತ್ತ ಕುಸಿದೆ. ಆಗ ಅಜ್ಜಿ ಕೈಯಲ್ಲಿದ್ದ ಬಟ್ಟೆ ಬಿಚ್ಚಿ ಒದರಿದರು. ಕುಡಿಗಳು ಎಲ್ಲಿ ಬಿದ್ದವೆಂದು ತಿರುಗಿ ಕೂಡ ನೋಡಲಿಲ್ಲ. ಬಟ್ಟೆಯನ್ನು ನನ್ನ ಮೂಗು ಬಾಯಿಗೆ ಬಿಗಿದು ಕಟ್ಟಿ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಆ ಮುರುಕು ಮಂಡಿಯಲ್ಲೇ ನನ್ನನ್ನು ಎಳೆದುಕೊಂಡು ನಡೆದರು.

ಕರೀ ನೆಲದ ನಡುವೆ ತಲೆ ತಗ್ಗಿಸಿ ಮುದುಡಿ ಕೂತೆವು. ಬೆಂಕಿ ಎರಡೂ ಬದಿಯಲ್ಲಿ ಹಾದು ಹೋಯಿತು. ಬಂಡೆಯ ಮಗ್ಗುಲೂ ಹತ್ತಿಕೊಂಡಿತು.

ಸದ್ದು ದೂರವಾದ ಮೇಲೆ ನನಗೆ ಬೇರೆಯೇ ದಿಗಿಲು ಹಿಡಿಯಿತು. ಬೆಳಗಿನಿಂದ ಕೈಕಾಲು ಆಡಿಸುತ್ತಿದ್ದ ನೀನು ಸ್ತಬ್ಧವಾಗಿದ್ದೆ. "ಅತ್ತೆ, ಮಗು ಮಿಸುಕ್ತಾ ಇಲ್ಲ," ಅಂದೆ. ಅವರು ಮಸಿ ಹತ್ತಿದ ಅಂಗೈಯನ್ನು ಲಂಗಕ್ಕೆ ಒರೆಸಿ ನನ್ನ ಹೊಟ್ಟೆಯ ಮೇಲಿಟ್ಟರು. ಅವರು ನನ್ನನ್ನು ಹಾಗೆ ಮುಟ್ಟಿದ್ದು ಅದೇ ಮೊದಲು. ಎಷ್ಟು ಹೊತ್ತು ಹಾಗೇ ಕೂತಿದ್ದೆವೋ. ಅವರ ತುಟಿ ಯಾವುದೋ ಪ್ರಾರ್ಥನೆಗೆ ಅಲುಗುತ್ತಿತ್ತು.

ಆಮೇಲೆ ನೀನು ಒದ್ದೆ, ನೇರ ಅವರ ಅಂಗೈಗೇ.

ನನಗೆ ಅಳು ಬಂತು. "ಕುಡಿ ಎಲ್ಲಾ ಹೋಯ್ತಲ್ಲ ಅತ್ತೆ," ಅಂದೆ.

"ಹೋಗ್ಲಿ. ಸುಮ್ನಿರು ನೀನು," ಅಂದರು, ಕೈ ತೆಗೆಯದೆ. "ಇನ್ನೊಂದ್ಸಲ ಒದೆಯುತ್ತಾ ನೋಡೋಣ."

ನಿನ್ನಪ್ಪ ಎಡಿನ್‌ಬರೋದಿಂದ ಮರಳಿದ ಮೇಲೆ ಹೋಗಿ ನೋಡಿ ಬಂದ. ಗಿಡದ ಜಾಗದಲ್ಲಿ ಬೂದಿ ಬಿಟ್ಟರೆ ಏನೂ ಉಳಿದಿಲ್ಲ. ಅಜ್ಜಿ ಆ ಗಿಡಕ್ಕೆ ಯಾರ ಹೆಸರಿಡಬೇಕೆಂದಿದ್ದರೋ, ಕೇಳಿದರೆ ಹೇಳುವುದಿಲ್ಲ. ನಾನೂ ಒತ್ತಾಯಿಸುವುದಿಲ್ಲ.

ಬಾ ಕಂದಾ, ಸುಖವಾಗಿ ಬಾ. ನಿನ್ನ ಉಸಿರು ಗಟ್ಟಿಯಾಗಿರಲಿ, ಕಾಲು ಅದಕ್ಕಿಂತ ಗಟ್ಟಿಯಾಗಿರಲಿ. ನಿನ್ನನ್ನು ಮೊದಲು ಎತ್ತಿಕೊಳ್ಳುವ ಕೈ ಯಾರದೆಂದು ನಾನು ಆಗಲೇ ತೀರ್ಮಾನಿಸಿದ್ದೇನೆ. ನಿನ್ನಪ್ಪ ಬೇಕಾದರೆ ಮುನಿಸಿಕೊಳ್ಳಲಿ.

ನಿನಗಾಗಿ ಕಾದಿರುವ ಅಮ್ಮ,
ನೋರೀನ್