ಬ್ರೋ ಎಂದರೆ ಯಾವ ನೆಂಟಸ್ತನ?

ಇಸವಿ ಎರಡು ಸಾವಿರದ ನೂರ ತೊಂಬತ್ತೆಂಟು, ಹದಿಮೂರನೇ ತಿಂಗಳು. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸಲಿಲ್ಲ, ಒಂದು ಸೇರಿಸಿಕೊಂಡೆವು.

ಮುತ್ತಾತನ ಮುತ್ತಾತನಾದ ತಿಪ್ಪೇಶಪ್ಪನವರಿಗೆ ಚಳ್ಳಕೆರೆಯಿಂದ ಕೆಂಚವೀರ ಮಾಡುವ ನಮಸ್ಕಾರ. ನಾನು ಹೆಚ್ಚು ಓದಿದವನಲ್ಲ. ನನ್ನ ಮಾತು ನಿಮಗೆ ಅರ್ಥವಾಗದಿದ್ದರೆ ಕ್ಷಮಿಸಿ. ನಿಮ್ಮ ಮಾತೂ ನಮಗೆ ಅರ್ಥವಾಗಿಲ್ಲ, ಅದಕ್ಕೇ ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಈ ಕಾಗದ ಹಾಕುತ್ತಿದ್ದೇನೆ.

ನಮ್ಮಲ್ಲಿ ಈಗ ಜಾತಕ ನೋಡುವುದಿಲ್ಲ. ದನಿ ಕೇಳುತ್ತೇವೆ. ಗಂಡಿನವರೂ ಹೆಣ್ಣಿನವರೂ ಒಟ್ಟಿಗೆ ಕೂತು, ಹಿರಿಯರು ಫೋನಿನಲ್ಲಿ ಬಿಟ್ಟುಹೋದ ಮಾತುಗಳನ್ನು ಕೇಳಿಸಿಕೊಂಡ ಮೇಲೇ ತಾಂಬೂಲ. ನನ್ನ ಮಗಳು ಹೊಂಬಾಳೆ ಮೆಚ್ಚಿದ ಹುಡುಗ ದೇವೀರ, ನಿಮ್ಮ ಗೆಳೆಯರೆಂದು ನಾವು ತಿಳಿದಿದ್ದ ಓಬಳೇಶಪ್ಪನವರ ವಂಶದವನು. ಎಲ್ಲರೂ ಹೋಳಿಗೆ ಮುಗಿಸಿ ಕೂತಾಗ, ನೀವು ಓಬಳೇಶಪ್ಪನವರಿಗೆ ಕಳಿಸಿದ್ದ ದನಿ ಬಂತು: "ಬ್ರೋ, ಎಲ್ಲಿದೀಯ ಬ್ರೋ? ಬೇಗ ಬಾ ಬ್ರೋ."

ದನಿ ಕೇಳಿ ತೀರ್ಪು ಹೇಳುವ ಸಾಕವ್ವ ಎಲೆಯಡಿಕೆ ಕೆಳಗಿಟ್ಟಳು. "ಬ್ರೋ ಅಂದ್ರೆ ಬ್ರದರ್ರು. ಅಣ್ತಮ್ರ ಮಕ್ಳು, ಒಂದೇ ಬೆಡಗು, ಒಂದೇ ಗೋತ್ರ ಇದ್ದಂಗೆ. ಹೆಣ್ಣು ಕೊಡಂಗಿಲ್ಲ."

ನಾನು ಬಿಡಲಿಲ್ಲ. ನಿಮ್ಮ ಬೇರೆ ದನಿಗಳನ್ನೂ ಹುಡುಕಿ ಹಾಕಿಸಿದೆ. ಕಟಿಂಗ್ ಶಾಪಿನವನೂ ಬ್ರೋ. ಬಸ್ ಕಂಡಕ್ಟರೂ ಬ್ರೋ. ಗಾಡಿಗೆ ಗುದ್ದಿ ನಿಮ್ಮ ಕೈಲಿ ಬೈಸಿಕೊಂಡವನೂ ಬ್ರೋ. ಆಮೇಲೆ ನಿಮ್ಮ ಹೆಂಡತಿಗೆ: "ಏನ್ ಬ್ರೋ, ಊಟ ಆಯ್ತಾ?"

"ನೋಡು ಸಾಕವ್ವ, ಕಟ್ಕೊಂಡ ಹೆಂಡ್ರಿಗೂ ಬ್ರೋ ಅಂದವ್ನೆ," ಎಂದೆ.

"ಹಂಗಾದ್ರೆ ನೀನು ಹುಟ್ಟಿದ್ದೇ ತಪ್ಪು, ಕೂತ್ಕೊಳಪ್ಪ," ಎಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಹೊಂಬಾಳೆ ಎದ್ದು ಒಳಗೆ ಹೋದಳು.

ಅಂದಿನಿಂದ ತಲೆ ಗಿರ್ ಎನ್ನುತ್ತಿದೆ. ಪ್ರೀತಿಗೂ ಅದೇ, ಜಗಳಕ್ಕೂ ಅದೇ, ಹೆಸರು ಮರೆತರೂ ಅದೇ. ಒಂದೇ ಮಾತಿನಲ್ಲಿ ಇಷ್ಟು ಜನರನ್ನು ನೀವು ಹೇಗೆ ಸಂಭಾಳಿಸಿದಿರೋ ಕಾಣೆ. ಇಷ್ಟು ಮಾಡಿ: ಓಬಳೇಶಪ್ಪನವರು ಬರೀ ಸ್ನೇಹಿತರು, ನಮ್ಮ ಬೆಡಗು ಬೇರೆ ಅವರ ಬೆಡಗು ಬೇರೆ ಎಂದು ಫೋನಿನಲ್ಲಿ ಒಂದು ಸಲ ಜೋರಾಗಿ ಹೇಳಿಬಿಡಿ. ನಾಳೆಯೇ ಸಾಕವ್ವನಿಗೆ ಕೇಳಿಸುತ್ತೇನೆ.

ಅವರು ನಿಜವಾಗಿ ನಿಮ್ಮ ತಮ್ಮನೇ ಆಗಿದ್ದರೆ ಸುಳ್ಳು ಹೇಳಬೇಡಿ, ಸುಮ್ಮನಿರಿ. ಮಗಳ ಮುಂದೆ ಕೂತು ನಾನೇ ಹೇಳುತ್ತೇನೆ. ಆವತ್ತು ತಮಾಷೆ ಮಾಡುವುದಿಲ್ಲ.