ಮೇಲ್ಗಡೆ ರೋಲ್ ನಂಬರ್

ಮಾರ್ಚ್ ೩
ಕೊನೆಯ ಪೀರಿಯಡ್‌ನಲ್ಲಿ ಫಾರಂ ಹಂಚಿದೆ. ಟ್ರೈನಿಂಗ್ ಕಾಲೇಜು ಹೇಗೆ ನಡೆಯುತ್ತಿದೆ, ಟೀಚರ್ ಆಗಲು ಬಂದವರಿಗೆ ಇನ್ನೇನು ಬೇಕು — ಹದಿನೆಂಟು ಪ್ರಶ್ನೆ. ನಾನೇ ಟೈಪ್ ಮಾಡಿದ್ದು. ಅರವತ್ತೆರಡು ಫಾರಂ, ಹತ್ತೇ ನಿಮಿಷದಲ್ಲಿ ವಾಪಸ್. ಪೀಡೆ ತೊಲಗಿತು.

ಮಾರ್ಚ್ ೫
ಓದಿ ಮುಗಿಯಿತು. ಎಲ್ಲದಕ್ಕೂ 'ತುಂಬಾ ಚೆನ್ನಾಗಿದೆ'. 'ನಿಮಗೆ ಏನು ಬೇಕು?' — ಅರವತ್ತೊಂದು ಜನಕ್ಕೆ ಏನೂ ಬೇಕಿಲ್ಲ. ಉಳಿದ ಮಹಾನುಭಾವನಿಗೆ ಇನ್ನಷ್ಟು ಪರೀಕ್ಷೆ ಬೇಕಂತೆ. ಅಕ್ಕನಿಗೆ ಹೇಳಿದರೆ ನಕ್ಕಳು.
"ಅಲ್ವೇ, ನಿಮ್ಮ ಕಾಲೇಜಲ್ಲಿ ಎಲ್ರೂ ಅಷ್ಟು ಸುಖವಾಗಿದ್ರೆ ನೀನ್ಯಾಕೆ ದಿನಾ ಮುಖ ಗಂಟು ಹಾಕ್ಕೊಂಡು ಬರ್ತೀಯ?"
ವರದಿಗೆ ಸಹಿ ಹಾಕಿ ಕಳಿಸಿದೆ.

ಮಾರ್ಚ್ ೧೯
ಪ್ರಿನ್ಸಿಪಾಲರಿಗೆ ವರದಿ ಬಹಳ ಹಿಡಿಸಿದೆಯಂತೆ. ಮೆಟ್ಟಿಲ ಕೆಳಗಿನ ಮಕ್ಕಳ ಕೋಣೆಯನ್ನು ತಿಂಗಳ ಕೊನೆಗೆ ಮುಚ್ಚುತ್ತಾರೆ. ಕೈಗೂಸು ಇಟ್ಟುಕೊಂಡು ಓದುವ ತಾಯಂದಿರಿಗೆಂದು ಇದ್ದ ಕೋಣೆ. ನಾಲ್ಕು ಚಾಪೆ, ಒಂದು ತೊಟ್ಟಿಲು, ಒಬ್ಬ ಆಯಾ. ಇನ್ನು ಅಲ್ಲಿ ಹಳೆ ಫೈಲುಗಳು.
"ಬೇಕು ಅಂತ ಒಬ್ರೂ ಬರ್ದಿಲ್ವಲ್ಲ ಮೇಡಂ. ನಿಮ್ಮ ವರದೀನೇ ಹೇಳುತ್ತೆ."
ಹೌದು, ಹೇಳುತ್ತದೆ. ತಲೆಯಾಡಿಸಿ ಬಂದೆ. ಏನೂ ಅನಿಸಲಿಲ್ಲ.

ಏಪ್ರಿಲ್ ೮
ಹದಿನೇಳನೇ ನಂಬರ್ ಇವತ್ತೂ ಇಲ್ಲ. ಎಂಟು ದಿನ. ಚಾಕ್ ಹಿಡಿದು ನಿಂತರೆ ಹಿಂದಿನ ಬೆಂಚೂ ತೆಪ್ಪಗಾಗುತ್ತದೆ, ಅಂಥ ಪಾಠ ಅವಳದು. ಮನೆಯಲ್ಲಿ ವರ್ಷದ ಮಗು. ಹತ್ತು ದಿನ ಸತತವಾಗಿ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ.
ಅವಳ ಫಾರಂ ತೆಗೆದೆ. ಹುಡುಕುವ ಕಷ್ಟವೇ ಇಲ್ಲ — ಮೇಲ್ಗಡೆ ರೋಲ್ ನಂಬರ್. ಉತ್ತರಪತ್ರಿಕೆಗೆ ಹಾಕಿಸಿ ಹಾಕಿಸಿ ಅಭ್ಯಾಸ, ಇದಕ್ಕೂ ಹಾಕಿಸಿದ್ದೆ. ಇಂಟರ್ನಲ್ ಮಾರ್ಕ್ಸ್ ಕೊಡುವವಳು ನಾನು. ನಂಬರ್ ಬರೆಸಿಕೊಂಡು, ಏನು ಕೊರತೆ ಹೇಳಿ ಎಂದು ಕೇಳಿದವಳೂ ನಾನು. ಯಾರು ಹೇಳುತ್ತಾರೆ?
'ಏನೂ ಬೇಕಿಲ್ಲ' ಎಂಬುದರ ಅಡಿಯಲ್ಲಿ ಪೆನ್ಸಿಲ್ ಬರಹ ಅಳಿಸಿದ ಗುರುತು. ಕಿಟಕಿಗೆ ಹಿಡಿದು ಓದಿದೆ. 'ಮಕ್ಕಳ ಕೋಣೆ ಐದು ಗಂಟೆವರೆಗೂ ಇದ್ದರೆ...'

ಏಪ್ರಿಲ್ ೯
ಪ್ರಿನ್ಸಿಪಾಲರಿಗೆ ಹೇಳಿದೆ. ತಪ್ಪು ನನ್ನದು, ನಂಬರ್ ಇಲ್ಲದೆ ಇನ್ನೊಮ್ಮೆ ಕೇಳೋಣ, ಅಲ್ಲಿಯವರೆಗೆ ಕೋಣೆ ತೆರೆಯಿರಿ.
"ಆಯಾನ ಕಳಿಸಿ ಆಯ್ತಲ್ಲ ಮೇಡಂ. ಮುಂದಿನ ವರ್ಷ ನೋಡೋಣ, ಬಿಡಿ."
ಊಟ ಸೇರಲಿಲ್ಲ. ಅಕ್ಕ ತಟ್ಟೆ ತೆಗೆದಿಟ್ಟಳು.

ಏಪ್ರಿಲ್ ೧೦, ಸಂಜೆ ೬
ಕ್ಲಾಸ್ ಮುಗಿಸಿ ನೇರ ಹದಿನೇಳನೇ ನಂಬರಿನವಳ ಮನೆಗೆ ಹೋದೆ. ಎರಡನೇ ಮಹಡಿ, ಒಂದೇ ಕೋಣೆ. ಮಗು ಸೊಂಟದ ಮೇಲೆ. ನನ್ನನ್ನು ಕಂಡು ಗಾಬರಿಯಾದಳು. ಇದ್ದೊಂದು ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ನಾಳೆ ಮಗುವನ್ನು ಕರೆದುಕೊಂಡೇ ಬಾ, ನನ್ನ ರೂಮಿನಲ್ಲಿ ಇರಲಿ, ಹಾಜರಿಗೆ ನಾನೇ ಓಡಾಡುತ್ತೇನೆ — ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು. ಬಾಯಿ ತೆರೆಯುವಷ್ಟರಲ್ಲಿ ಅವಳ ಕಣ್ಣು ನನ್ನ ಕಂಕುಳಲ್ಲಿದ್ದ ಹಾಜರಿ ಪುಸ್ತಕದ ಮೇಲೆ ಬಿತ್ತು. ಸ್ಟಾಫ್ ರೂಮಿನಲ್ಲಿ ಇಟ್ಟು ಬರಲು ಮರೆತಿದ್ದೆ.
"ಇವತ್ತಿಗೆ ಹತ್ತು ದಿನ ಆಯ್ತಲ್ವಾ ಮೇಡಂ" ಎಂದಳು. ಮಗುವನ್ನು ಕೆಳಗಿಳಿಸಿ ಒಳಗಿಂದ ಪೆನ್ನು ತಂದಳು. "ಪರೀಕ್ಷೆಯಿಂದ ಹೆಸರು ತೆಗೆಯೋಕೆ ನೀವೇ ಬರ್ಬೇಕಿತ್ತಾ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ. ಎಲ್ಲಿ ಸೈನ್ ಮಾಡ್ಬೇಕು?"
ನಾಚಿಕೆಯಾಯಿತು. ಮೂರು ವಾರದ ಮೇಲೆ ಏನೋ ಒಂದು ಅನಿಸಿತು.
"ಅಯ್ಯೋ, ಅದಕ್ಕಲ್ಲಮ್ಮ ನಾನು ಬಂದಿದ್ದು" ಎಂದೆ. ಅವಳು ಪೆನ್ನಿನ ಮುಚ್ಚಳ ತೆಗೆದು ಹಾಗೇ ಹಿಡಿದಿದ್ದಳು; ನಾನು ಹಾಜರಿ ಪುಸ್ತಕವನ್ನು ಕುರ್ಚಿಯ ಕೆಳಗೆ ತಳ್ಳಿ, ಜೋಡಿಸಿಕೊಂಡು ಬಂದ ಮಾತು ಹೇಳತೊಡಗಿದೆ.